ಹೊಟ್ಟೆಯೊಳಗಿನ ಬೆನ್ನು

ನನ್ನ ಮೊದಲ ಮಗಳು ಹುಟ್ಟಿದಾಗ ಅವಳ ಬೆನ್ನು ಪೂರ್ತಿ ಮುಚ್ಚಿರಲಿಲ್ಲ. ಸೊಂಟದ ಹತ್ತಿರ ನಿಂಬೆಹಣ್ಣಿನಷ್ಟು ಒಂದು ಗುಳ್ಳೆ, ಅದರ ಮೇಲೆ ಈರುಳ್ಳಿ ಪೊರೆಯಂಥ ಚರ್ಮ. ಹೆರಿಗೆ ಮಾಡಿಸಿದ ನರ್ಸಮ್ಮ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಮಗುವನ್ನು ನನ್ನ ಕೈಗೆ ಕೊಟ್ಟರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೆಂಗಳೂರಿಗೆ ಓಡಿದೆವು. ಆಪರೇಷನ್ ಆಯಿತು, ಜೀವ ಉಳಿಯಿತು. ಕಾಲುಗಳಿಗೆ ಮಾತ್ರ ಬಲ ಬರಲಿಲ್ಲ. ಮೊಣಕಾಲಿನಿಂದ ಕೆಳಗೆ ಅವಳಿಗೆ ಸ್ಪರ್ಶವೂ ತಿಳಿಯುತ್ತಿರಲಿಲ್ಲ.

ನಾನು ನೆಲ ಹಾಕುವವನು. ತೊಂಬತ್ತರ ದಶಕದಲ್ಲಿ ನಮ್ಮೂರಿನ ವಿಜಯನಗರ ಬಡಾವಣೆಯಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದಾಗ ಎಷ್ಟೋ ಮನೆಗಳ ರೆಡ್ ಆಕ್ಸೈಡ್ ನೆಲ ನನ್ನ ಕರಣೆಯಿಂದಲೇ ಆದದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ನಿಜ. ಆದರೆ ನಾನು ಹಾಕಿದ ನೆಲದಲ್ಲಿ ಮುಖ ನೋಡಿಕೊಂಡು ವಿಭೂತಿ ಇಟ್ಟುಕೊಳ್ಳಬಹುದು ಅಂತ ಮನೆ ಯಜಮಾನರುಗಳೇ ಹೇಳಿದ್ದಾರೆ.

ನಮ್ಮದು ರಾಮಕೃಷ್ಣನಗರದಲ್ಲಿ ಒಂದು ಬಾಡಿಗೆ ಮನೆ, ಒರಟು ಸಿಮೆಂಟ್ ನೆಲ. ಮಗಳು ಕೈ ಊರಿಕೊಂಡು ಕಾಲನ್ನು ಎಳೆದುಕೊಂಡೇ ಓಡಾಡುತ್ತಿದ್ದಳು. ಒಂದು ದಿನ ಕೆಲಸದಿಂದ ಬಂದಾಗ ನಡುಮನೆಯಿಂದ ಅಡುಗೆಮನೆವರೆಗೆ ತೆಳ್ಳಗೆ ರಕ್ತದ ಗೆರೆ. ಪಾದ ತರಚಿ ಹೋಗಿದೆ, ಅವಳು ನಗುತ್ತಾ ಕೂತಿದ್ದಾಳೆ, ನೋವಿದ್ದರಲ್ಲವೇ ಅಳು! ನೆಲ ನಾನೇ ಬದಲಾಯಿಸಿಕೊಳ್ಳಲಾ ಅಂತ ಆವತ್ತೇ ಮನೆ ಓನರನ್ನು ಕೇಳಿದೆ. "ಬಾಡಿಗೆ ಮನೇಗೆ ಯಾರಪ್ಪ ಇಷ್ಟು ಒದ್ದಾಡ್ತಾರೆ?" ಅಂದರು. ನಾನು ಒದ್ದಾಡಿದೆ. ಹಳೇ ನೆಲವನ್ನು ಕೊಚ್ಚಿ, ಹೊಸದಾಗಿ ಹಾಕಿ, ಉಜ್ಜಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದೆ. ಅದರ ಮೇಲೆ ಅವಳು ಮೀನಿನ ಹಾಗೆ ಜಾರಿಕೊಂಡು ಹೋದಳು. ಯಾವ ಯಜಮಾನರ ಮನೆಗೂ ನಾನು ಅಂಥ ನೆಲ ಹಾಕಿಕೊಟ್ಟಿಲ್ಲ.

ಅವಳಿಗೆ ಆರು ವರ್ಷವಾದಾಗ ನನ್ನ ಹೆಂಡತಿ ಮತ್ತೆ ಬಸುರಿಯಾದಳು.

ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅದು ಯಾರೂ ಎರಡು ಸಲ ಯೋಚನೆ ಮಾಡುವ ಸಂಗತಿಯಲ್ಲ. ಚಿಕ್ಕಂದಿನಲ್ಲಿ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅವಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವನು ನಾನೇ. ಆಗಲೂ ಮಾವ ಅನ್ನುತ್ತಿದ್ದಳು, ಈಗಲೂ ಮಾವ ಅಂತಲೇ ಕರೆಯುವುದು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೇಳಿ ಬರೆದುಕೊಂಡರು. ನಿಧಾನವಾಗಿ, ನಮಗೆ ಅರ್ಥವಾಗುವ ಹಾಗೆ ಹೇಳಿದರು: "ಮೊದಲನೇ ಮಗುಗೆ ಬೆನ್ನು ಹೀಗಾಗಿದ್ರೆ ಎರಡನೇದಕ್ಕೂ ಆಗೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆಗೇ ಆಗುತ್ತೆ ಅಂತಲ್ಲ. ನಾಲ್ಕು ತಿಂಗಳು ಆಗ್ತಿದ್ದ ಹಾಗೇ ಒಂದು ರಕ್ತ ಪರೀಕ್ಷೆ, ಆಮೇಲೆ ಬೆನ್ನುಮೂಳೆ ನೋಡೋಕೆ ಒಂದು ಸ್ಕ್ಯಾನ್. ಮಾಡಿಸಲೇಬೇಕು ಅಂತ ಬಲವಂತ ಇಲ್ಲ. ಮನೇಲಿ ಮಾತಾಡ್ಕೊಂಡು ಬನ್ನಿ."

"ನೋಡಿದ್ರೆ ಸರಿ ಮಾಡೋಕಾಗುತ್ತಾ ಮೇಡಂ?" ಅಂದೆ.

"ಹೊಟ್ಟೇಲಿರುವಾಗ ಆಗಲ್ಲ. ಉಳಿಸ್ಕೊಳ್ಳೋದಾದ್ರೆ ಎಲ್ಲಿ ಹೆರಿಗೆ, ಯಾರು ಆಪರೇಷನ್ ಮಾಡ್ತಾರೆ ಅಂತ ಮೊದಲೇ ಸಿದ್ಧ ಮಾಡ್ಕೋಬಹುದು. ಬೇಡ ಅಂದ್ರೆ, ಅದಕ್ಕೂ ಕಾನೂನಲ್ಲಿ ಅವಕಾಶ ಇದೆ, ಆದ್ರೆ ಗಡುವಿದೆ."

'ಬೇಡ ಅಂದ್ರೆ' ಅನ್ನುವ ಮಾತು ನನ್ನ ಕಿವಿಯಲ್ಲೇ ಕೂತುಬಿಟ್ಟಿತು. ಮೊಪೆಡ್ ಓಡಿಸಿಕೊಂಡು ಮನೆ ಸೇರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಮೊದಲನೆಯವಳು ಮನೆಯಲ್ಲಿ ನಗುತ್ತಾ ಜಾರಿಕೊಂಡಿರುವಾಗ, ಎರಡನೆಯದು ಅವಳ ಹಾಗೆ ಇದೆಯೇ ಅಂತ ಇಣುಕಿ ನೋಡಿ ಬೇಕೋ ಬೇಡವೋ ಅನ್ನುವುದಕ್ಕೆ ನಾವು ಯಾರು?

ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅಕ್ಕ ಬಂದಿದ್ದಳು. ಹೆಂಡತಿ ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕೂತಿದ್ದಳು. ನನ್ನ ತೀರ್ಮಾನ ಹೇಳಿದೆ.

"ಎರಡಾದ್ರೂ ಎತ್ತಿ ಸಾಕ್ತೀನಿ ಕಣಕ್ಕ. ತೋಳಲ್ಲಿ ಶಕ್ತಿ ಇದೆ."

"ಎತ್ತೀಯಾ ಎತ್ತೀಯಾ, ಭಾನುವಾರ!" ಅಂದಳು ಅಕ್ಕ. "ಸೋಮವಾರದಿಂದ ಶನಿವಾರದ್ ಗಂಟ ಎತ್ತೋರ್ ಯಾರ್ಲಾ? ಬೆಳಗ್ಗೆ ಕರಣೆ ಹಿಡ್ಕಂಡು ಹೋದ್ರೆ ಕತ್ಲಾದ್ಮೇಲೆ ಬರೋನು. ಒಂದು ಮಗೂನ ಎತ್ತಿ ಇಳಿಸಿ, ಬಟ್ಟೆ ಬದಲಾಯ್ಸಿ, ನನ್ ಮಗಳ ಸೊಂಟ ನೋಡು ಎಂಗಾಗದೆ. ಮೊದಲ್ನೇದು ಹೊಟ್ಟೇಲಿದ್ದಾಗ ಗ್ರಹಣದ ದಿನ ಒಳಗೇ ಕೂತ್ಕಳೆ ಅಂತ ಬಡ್ಕಂಡೆ, ಕೇಳ್ಲಿಲ್ಲ ಇವಳು."

"ಗ್ರಹಣದ ವಿಷ್ಯ ಬುಡವ್ವ," ಅಂದಳು ಹೆಂಡತಿ, ತಲೆ ಎತ್ತದೆ. "ನಾನು ನೋಡುಸ್ತೀನಿ."

ನನಗೆ ಕೋಪ ಬಂತು. ಆದರೂ ತಡೆದುಕೊಂಡು, "ಸರಿ, ನೋಡುಸು. ಆದ್ರೆ ಹೆಂಗಿದ್ರೂ ಉಳಿಸ್ಕತೀನಿ ಅಂತ ಈಗ್ಲೇ ಮಾತು ಕೊಡು," ಅಂದೆ.

"ಕೊಡಲ್ಲ."

"ಹಂಗಾದ್ರೆ ತೆಗೆಸ್ತೀಯಾ?"

"ಅದೂ ಹೇಳಲ್ಲ. ನಂಗೇ ಗೊತ್ತಿಲ್ಲ ಮಾವ. ಹೊತ್ತಿರೋಳು ನಾನು, ನಾಳೆ ಎತ್ತೋಳೂ ನಾನು. ಮೊದ್ಲೇ ಬಾಯಿಗೆ ಬೀಗ ಹಾಕ್ಕಂಡು ಅಲ್ಲಿಗೆ ಹೋಗಲ್ಲ."

ಅವಳು ಅಷ್ಟು ಉದ್ದ ಮಾತನಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲವೇನೋ, ತಾನೂ ಅವರೆಕಾಳು ಹಿದುಕಲು ಕೂತಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಎಂಟನೇ ತಿಂಗಳಲ್ಲಿ ಅಯ್ಯನವರು ಮನೆಗೆ ಬಂದು, ಹೊಟ್ಟೆಯಲ್ಲಿರುವ ಮಗುವಿನ ಹೆಸರಿನಲ್ಲಿ ತಾಯಿಗೆ ಒಂದು ಲಿಂಗ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದು ಮಗುವಿಗೆ. ಅಂದರೆ ಮಗು ಹುಟ್ಟುವ ಮುಂಚೆಯೇ ಶಿವನ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದನ್ನು ಈಗಲೇ ಕಟ್ಟಿಸಿಬಿಟ್ಟರೆ ಆಮೇಲೆ ಯಾರೂ ಬೇಕು ಬೇಡ ಅನ್ನುವ ಹಾಗಿಲ್ಲವಲ್ಲ ಅಂತ ನನಗೆ ಹೊಳೆಯಿತು. ಮಾರನೇ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲೇ ಅಯ್ಯನವರ ಮನೆಗೆ ಹೋದೆ. ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಎಂಟಕ್ಕೆ ಕಟ್ಟೋದನ್ನ ನಾಲ್ಕಕ್ಕೇ ಕೇಳ್ತಿದ್ದೀಯಲ್ಲಪ್ಪ, ಏನವಸರ?" ಅಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದರು.

"ನಿನ್ನ ದೊಡ್ಡ ಮಗಳಿಗೆ ಕಟ್ಟಿದ್ದೂ ನಾನೇ ಅಲ್ವಾ? ಆಗ ಬೆನ್ನು ಹೆಂಗಿದೆ ಅಂತ ಕೇಳಿದ್ನಾ? ಇಲ್ಲ. ಈಗ್ಲೂ ಕೇಳಲ್ಲ, ಎಂಟನೇ ತಿಂಗ್ಳಲ್ಲಿ ಬಂದು ಕಟ್ತೀನಿ. ಆದ್ರೆ ಹೆಂಡ್ತಿ ಸುತ್ತ ಬೇಲಿ ಹಾಕೋಕೆ ಲಿಂಗ ಬೇಕು ಅಂತ ಬಂದಿದ್ದೀಯಲ್ಲ, ಅದು ನನ್ನ ಕೆಲಸ ಅಲ್ಲ ಕಣಪ್ಪ. ಎದ್ದೋಗು."

ಎದ್ದೆ.

"ಕೂತ್ಕೊ, ಕಾಫಿ ಕುಡ್ಕೊಂಡು ಎದ್ದೋಗು."

ಕಾಫಿ ಕುಡಿಯಲಿಲ್ಲ. ದೊಡ್ಡವರು ಅಂತ ಕಾಲಿಗೆ ಮಾತ್ರ ನಮಸ್ಕಾರ ಮಾಡಿ ಬಂದೆ.

ಅದಾದ ಮೇಲಿನ ಭಾನುವಾರ ಮಗಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದವಳು ತಟ್ಟನೆ ಕೇಳಿದಳು. "ಅಮ್ಮ, ಹೊಟ್ಟೆ ಒಳಗಿರೋ ಪಾಪೂನ ಮಿಷನ್ನಲ್ಲಿ ನೋಡ್ತಾರಂತೆ? ಅಜ್ಜಿ ಹೇಳ್ತು."

"ಹೂಂ ಕಣೆ."

"ನನ್ನೂ ಹಂಗೆ ನೋಡಿದ್ರಾ?"

"ಇಲ್ಲ. ಆಗ ನಮ್ಗೆ ಯಾರೂ ಹೇಳ್ಲಿಲ್ಲ."

"ನೋಡಿದ್ದಿದ್ರೆ ಏನ್ ಮಾಡ್ತಿದ್ರಿ?"

ನಾನು ಗೋಡೆ ನೋಡಿದೆ. ಇಷ್ಟು ದಿನ ನಾನು ಹೆದರಿಕೊಂಡಿದ್ದದ್ದು ಇದೊಂದು ಪ್ರಶ್ನೆಗೇ ಅನ್ನುವುದು ಆಗ ಗೊತ್ತಾಯಿತು. ಅವಳ ಅಮ್ಮ ಮಾತ್ರ ಅನ್ನಕ್ಕೆ ಎಸರಿಡುತ್ತಾ, ಸಾರಿಗೆ ಉಪ್ಪು ಹಾಕಿದ್ದೀಯಾ ಅಂತ ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದಳು:

"ನೀನು ಹುಟ್ಟಿದ್ ದಿನ ನಿನ್ನ ಎತ್ಕಂಡು ಎಲ್ಲೆಲ್ಲಿಗೋ ಓಡುದ್ವಿ ಕಣೆ. ಮೊದ್ಲೇ ಗೊತ್ತಿದ್ದಿದ್ರೆ ಓಡ್ತಿರ್ಲಿಲ್ಲ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ನೆಟ್ಟಗೆ ಹೋಗ್ತಿದ್ವಿ."

"ಅಪ್ಪಂಗೆ ದಾರಿ ಗೊತ್ತಿರ್ಲಿಲ್ವಾ?"

"ನಿಮ್ಮಪ್ಪಂಗೆ ಯಾವತ್ತು ಗೊತ್ತಿತ್ತು!"

ಇಬ್ಬರೂ ನನ್ನನ್ನು ನೋಡಿಕೊಂಡು ನಗತೊಡಗಿದರು. ನಗುವವರಿಬ್ಬರನ್ನೂ ನೋಡಿದೆ. ಆರು ವರ್ಷ ಆ ಓಟವನ್ನು ಹೆಂಡತಿ ಒಳಗೇ ಇಟ್ಟುಕೊಂಡಿದ್ದಳು. ನಾನು ಅದನ್ನು ಆಪರೇಷನ್ ಆದ ದಿನವೇ ಮುಗಿಸಿಬಿಟ್ಟಿದ್ದೆ. ಮಾತು ಕೊಡು ಅಂತ ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. "ಯಾವತ್ತು ಬರೋಕೆ ಹೇಳವ್ರೆ ಆಸ್ಪತ್ರೆಗೆ?" ಅಂತಷ್ಟೇ ಕೇಳಿದೆ.

ರಕ್ತ ಪರೀಕ್ಷೆಯಲ್ಲಿ ಏನೋ ಒಂದು ಇರಬೇಕಾದ್ದಕ್ಕಿಂತ ಹೆಚ್ಚು ಬಂತು. "ಇದೊಂದರಿಂದಲೇ ಏನೂ ಹೇಳೋಕಾಗಲ್ಲ, ಎಷ್ಟೋ ಸಲ ಸುಮ್ಮನೆ ಹೀಗೆ ಬರುತ್ತೆ. ಸ್ಕ್ಯಾನ್ ನೋಡೋಣ," ಅಂದರು ಡಾಕ್ಟರಮ್ಮ. ಆ ವಾರವೆಲ್ಲ ನಾನು ಹಾಕಿದ ನೆಲ ಹೇಗೆ ಬಂತೋ ನನಗೇ ಗೊತ್ತಿಲ್ಲ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ, ಗಂಡೋ ಹೆಣ್ಣೋ ಕೇಳಬಾರದು ಅಂತ ಬೋರ್ಡು. ಒಳಗೆ ಮಬ್ಬುಗತ್ತಲೆ. ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮೊದಲು ನನಗೆ ಕಂಡದ್ದು ಬರೀ ಬೂದಿ ಬಣ್ಣದ ಗೊಂದಲ, ಸಿಮೆಂಟ್ ಕಲಸಿದ ಬಾಣಲೆಯ ಹಾಗೆ. ಆಮೇಲೆ ಅದರ ನಡುವೆ ಒಂದು ಚುಕ್ಕಿ ಪಟಪಟ ಅಂತ ಮಿಡಿಯುವುದು ಕಂಡಿತು.

"ಹೃದಯ," ಅಂದರು.

ನಾವು ಜಗಳ ಆಡುತ್ತಿದ್ದಾಗಲೂ ಇದು ಹೀಗೇ ಮಿಡಿಯುತ್ತಿತ್ತು, ನಾನು ಅಯ್ಯನವರ ಜಗುಲಿಯಲ್ಲಿ ಕೂತಿದ್ದಾಗಲೂ. ನಮ್ಮ ಯಾರ ಮಾತಿಗೂ ಅದು ಕಾದಿರಲಿಲ್ಲ. ಆಮೇಲೆ ಬೆನ್ನು ಕಂಡಿತು. ದಾರಕ್ಕೆ ಪೋಣಿಸಿದ ಹಾಗೆ ಸಣ್ಣ ಸಣ್ಣ ಬಿಳಿ ಮಣಿಗಳು, ಎರಡು ಸಾಲು. ಡಾಕ್ಟರಮ್ಮ ಕುತ್ತಿಗೆಯಿಂದ ಕೆಳಕ್ಕೆ ನಿಧಾನವಾಗಿ ಬಂದರು, ಸೊಂಟದ ಹತ್ತಿರ ನಿಂತರು.

"ಮಗು ಬೆನ್ನನ್ನ ಗರ್ಭಕೋಶದ ಗೋಡೆಗೆ ಒತ್ಕೊಂಡು ಮಲಗಿದೆ. ಕೆಳಗಡೆ ಕಾಣ್ತಿಲ್ಲ."

"ಮುಚ್ಕೊಳ್ಳೋಕೆ ಇನ್ನೂ ಟೈಮ್ ಇದ್ಯಾ ಮೇಡಂ?" ಅಂದೆ. ನೆಲ ಹಾಕುವವನಿಗೆ ಹಸಿ ಇರುವಷ್ಟು ಹೊತ್ತು ತಿದ್ದಬಹುದು ಅನ್ನುವ ಆಸೆ ಇರುತ್ತದೆ.

"ಇಲ್ಲಪ್ಪ. ಮುಚ್ಚೋದೆಲ್ಲ ಮೊದಲ ತಿಂಗಳಲ್ಲೇ ಮುಗಿದುಹೋಗಿರುತ್ತೆ. ಬಸುರಿ ಅಂತ ತಾಯಿಗೇ ಸರಿಯಾಗಿ ಗೊತ್ತಾಗೋ ಮುಂಚೆ."

ಹಾಗಾದರೆ ಗ್ರಹಣ ಹಿಡಿಯುವ ಹೊತ್ತಿಗೆ ನನ್ನ ದೊಡ್ಡ ಮಗಳ ಬೆನ್ನು ಯಾವಾಗಲೋ ಆಗಿಹೋಗಿತ್ತು. ಇದರದ್ದೂ ಅಷ್ಟೇ. ಒಂದು ಅಕ್ಕಿಕಾಳಿನಷ್ಟಿದ್ದಾಗ, ಕತ್ತಲೆಯಲ್ಲಿ, ಯಾರ ಕಣ್ಣೂ ಬೀಳದಿದ್ದಾಗ ಒಂದು ಬೆನ್ನು ತನ್ನಷ್ಟಕ್ಕೆ ತಾನು ಮಡಿಚಿಕೊಂಡು ಅಂಚಿಗೆ ಅಂಚು ಕೂಡಿಸಿಕೊಳ್ಳುತ್ತದೆ. ನೀರು ಹೆಚ್ಚಾಯಿತು ಕಮ್ಮಿಯಾಯಿತು ಅನ್ನುವವರಿಲ್ಲ. ಕೂಡಿಕೊಂಡರೆ ಕೂಡಿಕೊಂಡಿತು, ಇಲ್ಲದಿದ್ದರೆ ಇಲ್ಲ. ಭೂಮಿಯ ಮೇಲೆ ನಡೆಯುವವರೆಲ್ಲ ಆ ಒಂದು ಘಳಿಗೆಯನ್ನು ದಾಟಿ ಬಂದವರು ಅಂತ ಯೋಚಿಸಿದರೆ ತಲೆ ತಿರುಗಿದ ಹಾಗಾಯಿತು.

ಸ್ವಲ್ಪ ಓಡಾಡಿ, ನೀರು ಕುಡಿದು ಬನ್ನಿ, ಮಗು ತಿರುಗಿಕೊಳ್ಳಬಹುದು ಅಂತ ಕಳಿಸಿದರು. ಹೊರಗಿನ ಓಣಿಯಲ್ಲಿ ಅವಳು ಆ ತುದಿಯಿಂದ ಈ ತುದಿಗೆ ನಡೆದಳು, ನಾನು ನೀರಿನ ಬಾಟಲಿ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ಒಂದು ಕಡೆ ನಿಂತಳು.

"ಮಾವ, ಒಂದ್ಮಾತು. ಒಳಗೆ ಅವ್ರು ಏನೇ ಹೇಳ್ಲಿ, ತಕ್ಷಣ ನನ್ ಮುಖ ನೋಡ್ಬ್ಯಾಡಿ. ನೀವು ನೋಡುದ್ರೆ ನಿಮ್ಗೆ ಏನ್ ಬೇಕು ಅಂತ ಗೊತ್ತಾಗೋಯ್ತದೆ ನಂಗೆ. ಆಮೇಲೆ ಅದನ್ನೇ ಹೇಳ್ಬುಡ್ತೀನಿ. ಸ್ವಲ್ಪ ಹೊತ್ತು ನನ್ನ ಬುಟ್ಟುಬುಡಿ."

"ಆಯ್ತು," ಅಂದೆ. ನನ್ನ ಜೊತೆ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿತು. ಯಾರೋ ನನಗಿಂತ ಹತ್ತು ವರ್ಷ ಹಿರಿಯರು ನನ್ನೊಂದಿಗೆ ಮಾತನಾಡಿದಂತಿತ್ತು.

ಎರಡನೇ ಸಲ ಮಗು ಮಗ್ಗುಲು ಬದಲಾಯಿಸಿತ್ತು. ಡಾಕ್ಟರಮ್ಮ ಒಂದೊಂದೇ ಮೂಳೆಯನ್ನು ದಾಟಿಕೊಂಡು ಬಂದರು. ಸೊಂಟದ ಹತ್ತಿರ ಬಂದು ಹಿಂದಕ್ಕೆ ಹೋದರು, ಮತ್ತೆ ಬಂದರು. ಎರಡು ಸಾಲೂ ಹತ್ತಿರ ಹತ್ತಿರ ಬರುತ್ತಾ, ಕೊನೆಯಲ್ಲಿ ಸಣ್ಣಗಾಗಿ ಒಂದಕ್ಕೊಂದು ಸೇರಿಕೊಂಡವು.

"ಮುಚ್ಚಿದೆ," ಅಂದರು. "ಮೇಲಿಂದ ಕೊನೇವರೆಗೂ ಮುಚ್ಚಿದೆ. ನನಗೆ ಕಾಣೋಷ್ಟರ ಮಟ್ಟಿಗೆ ಚೆನ್ನಾಗಿದೆ."

ನಾನು ಅವಳ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತಾ ನಿಂತೆ. ಎಷ್ಟು ಹೊತ್ತಾಯಿತೋ, ಪಕ್ಕದಿಂದ ದನಿ ಬಂತು. "ಈಗ ನೋಡ್ಬೋದು ಮಾವ." ನೋಡಿದೆ. ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

ಮುಚ್ಚಿರದಿದ್ದರೆ ಅವಳು ಏನು ಹೇಳುತ್ತಿದ್ದಳು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿರಲಾರದು. ಏನು ಹೇಳಿದ್ದರೂ ಅದು ಅವಳ ಬಾಯಿಂದಲೇ ಬರುತ್ತಿತ್ತು, ನಾನು ಅದರ ಪಕ್ಕ ನಿಲ್ಲುತ್ತಿದ್ದೆ. ಇದನ್ನು ಇವತ್ತು ಹೇಳುವುದು ಸುಲಭ ಅನ್ನುವುದೂ ನನಗೆ ಗೊತ್ತಿದೆ.

ಮನೆಗೆ ಬಂದಾಗ ಮಗಳು ಹೊಸ್ತಿಲ ಹತ್ತಿರವೇ ಕಾಯುತ್ತಿದ್ದಳು. "ಕಾಣುಸ್ತಾ? ನನ್ ಥರಾನಾ?"

ನನ್ನ ಹೆಂಡತಿ ಅವಳೆದುರು ಕೂತಳು. "ಇಲ್ಲ ಕಣೆ. ಅದು ನಡಿಯುತ್ತೆ ಅನ್ಸುತ್ತೆ."

ಮಗಳ ಮುಖದಲ್ಲಿ ಏನು ಬರುತ್ತದೋ ಅಂತ ನಾನು ಕಾದೆ.

"ನಡಿಯುತ್ತಾ?" ಅಂದಳು. "ಹಂಗಾದ್ರೆ ಬೀಳುತ್ತೆ. ನಡಿಯೋ ಮಕ್ಳೆಲ್ಲಾ ಬೀಳ್ತವೆ, ಪಕ್ಕದ್ಮನೆ ಪಾಪು ದಿನಾ ಬೀಳುತ್ತೆ. ನಾನು ಒಂದ್ಸಲಾನೂ ಬಿದ್ದಿಲ್ಲ, ಅಲ್ವಾ ಅಪ್ಪ?"

"ಇಲ್ಲ ಕಣವ್ವ. ಒಂದ್ಸಲಾನೂ ಇಲ್ಲ."

"ನೋಡ್ಕೊಳ್ತೀನಿ ಬುಡಿ," ಅಂತ ಹೇಳಿ, ತಮ್ಮನೋ ತಂಗಿಯೋ ಬಂದ ಮೇಲೆ ತಾನು ಎಲ್ಲಿ ಕೂತರೆ ಇಡೀ ನಡುಮನೆ ಕಾಣುತ್ತದೆ ಅಂತ ಜಾಗ ಹುಡುಕಲು ಸರಸರನೆ ಜಾರಿಕೊಂಡು ಹೋದಳು.