ಬಾಗಿಲು ತಟ್ಟಿ ಕೇಳುವ ಗೈಡಕ್ಕ

ಬೆಳಗಿನ ಐದೂವರೆ. ಹಳೇ ಪೇಟೆಯ ಬೀದಿಯಲ್ಲಿ ಒಬ್ಬ ಹೆಂಗಸು ಮನೆಮನೆಯ ಬಾಗಿಲು ತಟ್ಟುತ್ತಿದ್ದಾಳೆ. ಏನೋ ಪಿಸುಗುಟ್ಟುತ್ತಾಳೆ, ಪುಟ್ಟ ಪುಸ್ತಕದಲ್ಲಿ ಗುರುತು ಹಾಕುತ್ತಾಳೆ, ಮುಂದಿನ ಮನೆಗೆ ಹೋಗುತ್ತಾಳೆ. ಈಕೆ ಪ್ರವಾಸಿಗರಿಗೆ ನಗರ ತೋರಿಸುವ ಗೈಡು. ಪ್ರವಾಸಿಗರು ಬರುವುದೋ ಒಂಬತ್ತಕ್ಕೆ. ಈ ಹೊತ್ತಿನಲ್ಲಿ ಇಲ್ಲೇನು ಕೆಲಸ?

ಗೈಡುಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೂರು ಊರುಗಳಲ್ಲಿ ಟೋಪಿ ಹಾಕಿಸಿಕೊಂಡವನು ನಾನು. ಬೀದಿಯವರು "ಗೈಡಕ್ಕ, ಗೈಡಕ್ಕ" ಎಂದು ಹೊಗಳಿದಷ್ಟೂ ಅನುಮಾನ ಹೆಚ್ಚುತ್ತದೆ.

ಒಂಬತ್ತಕ್ಕೆ ನಾನೂ ಸೇರಿ ಹನ್ನೊಂದು ಮಂದಿ ಪ್ರವಾಸಿಗರು ಕೂಡುತ್ತೇವೆ. ದಿನಕ್ಕೆ ಎರಡು ಸುತ್ತು, ಸುತ್ತಿಗೆ ನಾಲ್ಕು ಕಿಲೋಮೀಟರ್. ಆರು ವರ್ಷದಲ್ಲಿ ಇಪ್ಪತ್ತಮೂರು ಜೊತೆ ಚಪ್ಪಲಿ ಸವೆದಿವೆಯಂತೆ. ಎಲ್ಲರಿಗೂ ನೋಡಬೇಕಿರುವುದು ಮರದ ಉಪ್ಪರಿಗೆಗಳ ಬೀದಿ. ಜಾಹೀರಾತಿನಲ್ಲಿರುವುದೂ ಅದೇ. ಅದರ ತಿರುವಿನಲ್ಲೇ ಗೈಡಕ್ಕ ಆ ಬೀದಿ ಬಿಟ್ಟು ಎಲ್ಲರನ್ನೂ ಪಿಂಗಾಣಿ ಅಂಗಡಿಗಳ ಸಾಲಿಗೆ ಕರೆದೊಯ್ಯುತ್ತಾಳೆ. ಸಿಕ್ಕಿಬಿದ್ದಳು ಅಂದುಕೊಳ್ಳುತ್ತೇನೆ.

"ಅಂಗಡಿಯವರು ಕಮಿಷನ್ ಎಷ್ಟು ಕೊಡ್ತಾರಕ್ಕ?"

"ಅವರನ್ನೇ ಕೇಳಿ."

ಕೇಳುತ್ತೇನೆ. ಅಂಗಡಿಯವನು ಹಣೆ ಚಚ್ಚಿಕೊಳ್ಳುತ್ತಾನೆ: "ಕಮಿಷನ್ನಾ? ಇಲ್ಲಿ ರೇಟು ಜಾಸ್ತಿ, ತಗೋಬೇಡಿ ಅಂತ ಈಯಮ್ಮನೇ ಹೇಳ್ತಾಳಲ್ಲ ಸಾರ್!"

ಆಮೇಲೆ ಗೈಡಕ್ಕ ಬಾಯಿ ಬಿಡುತ್ತಾಳೆ. "ಆ ಉಪ್ಪರಿಗೆ ಬೀದೀಲಿ ಪುಸ್ತಕಕ್ಕೆ ರಟ್ಟು ಹಾಕೋ ಅಣ್ಣ ಒಬ್ರಿದ್ದಾರೆ. ಅವರಮ್ಮನಿಗೆ ಅರಳುಮರಳು. ಒಂದಿನ ಮೈಮೇಲೆ ಬಟ್ಟೆ ಸರಿಯಿಲ್ದೆ ಮೆಟ್ಟಿಲ ಮೇಲೆ ಕೂತಿದ್ರು. ಒಬ್ಬ ಫೋಟೊ ಹೊಡೆದು ಊರಿಗೆಲ್ಲ ಹಂಚಿದ. ಅವನನ್ನ ಅಲ್ಲಿಗೆ ಕರ್ಕೊಂಡು ಹೋದವಳು ನಾನೇ."

ಅಂದಿನಿಂದ ಆ ಅಣ್ಣ ಈಕೆಗೆ ಬಾಗಿಲು ತೆರೆದಿಲ್ಲ. ಅಂದಿನಿಂದಲೇ ಈಕೆ ದಿನಾ ಮನೆಮನೆಗೂ ಹೋಗಿ, ಇವತ್ತು ಜನರನ್ನು ಕರೆತರಲೇ ಎಂದು ಕೇಳುತ್ತಾಳೆ. ಒಂದು ಮನೆಯವರು ಒಪ್ಪದಿದ್ದರೂ ಪುಸ್ತಕದಲ್ಲಿ ಆ ಬೀದಿಗೆ ಗೀಟು. ಉಪ್ಪರಿಗೆ ಬೀದಿಗೆ ಹದಿನಾಲ್ಕು ತಿಂಗಳಿಂದ ಗೀಟೇ. ನಾಳೆಯಿಂದ ಆ ಬೀದಿ ತೋರಿಸು, ಇಲ್ಲ ಕೆಲಸ ಬಿಡು ಎಂದು ಟೂರು ಕಂಪನಿಯ ಮಾಲೀಕ ಖಡಾಖಂಡಿತವಾಗಿ ಹೇಳಿದ್ದಾನೆ.

ಇದೂ ಕಟ್ಟುಕತೆ ಇರಬಹುದೆಂದು ಮರುದಿನ ನಸುಕಿನಲ್ಲೇ ಹೋಗಿ ನಿಲ್ಲುತ್ತೇನೆ. ಗೈಡಕ್ಕ ರಟ್ಟು ಹಾಕುವ ಅಣ್ಣನ ಮನೆ ಬಾಗಿಲು ತಟ್ಟುತ್ತಾಳೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ಬೆರಳಗಲ ತೆರೆಯುತ್ತದೆ.

"ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಈಗಷ್ಟೇ ಮಲಗಿದ್ದಾಳೆ. ಬೇಡ ತಂಗಿ."

ಈಕೆ ಗೀಟು ಎಳೆದು, ಅಲ್ಲೇ ಮಾಲೀಕನಿಗೆ ಫೋನು ಮಾಡುತ್ತಾಳೆ. "ಸಾರ್, ಇವತ್ತೂ ಆಗಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

ನನಗೆ ತಲೆ ಎತ್ತಲೂ ನಾಚಿಕೆ. "ಕೆಲಸ ಹೋಯ್ತಲ್ಲಕ್ಕ, ನಾಳೆಯಿಂದ ಏನು ಮಾಡ್ತೀರಿ?"

"ಮೊದಲು ಇಲ್ಲಿಗೆ ಬರ್ತೀನಿ. ಅಮ್ಮನಿಗೆ ನಿದ್ದೆ ಬಂತಾ ಅಂತ ಕೇಳ್ಬೇಕಲ್ಲ."