ಎರಡೂ ಎಡತೋಳು

ನಮ್ಮ ಬೀದಿಯ ಟೈಲರಕ್ಕ ಮೂವತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ತೋಳು ಕತ್ತರಿಸುವಾಗ ಎರಡು ಪದರಗಳ ಹೊರಮೈ ಒಂದಕ್ಕೊಂದು ಎದುರಾಗುವಂತೆ ಹಾಸಬೇಕು. ಇಲ್ಲದಿದ್ದರೆ ಎರಡು ತೋಳೂ ಒಂದೇ ಕೈಗೆ ಆಗುತ್ತವೆ. ಕಲಿಯಲು ಬಂದವರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು.

ಆ ದಿನ ದಾರದ ಡಬ್ಬಿಗೆ ಒರಗಿಸಿದ್ದ ಫೋನಿನಲ್ಲಿ ಯಾರದೋ ಮನೆಯ ಅತ್ತೆ ಸೊಸೆ ಜಗಳವಾಡುತ್ತಿದ್ದರು. ಯಾರ ಬಾಯಿ ಮೇಲಾಗುತ್ತದೆಂದು ನೋಡುತ್ತಲೇ ಅಕ್ಕ ಬಟ್ಟೆ ಹಾಸಿದಳು, ಕತ್ತರಿ ಆಡಿಸಿದಳು. ವಿಡಿಯೋ ಮುಗಿದ ಮೇಲೆ ನೋಡಿದರೆ ಎರಡೂ ಎಡತೋಳು.

ಅದು ಎದುರುಮನೆ ಟೀಚರು ಕೊಟ್ಟಿದ್ದ ಹೂಹೂವಿನ ಬಟ್ಟೆ. ಮಗಳು ನಿವೃತ್ತಳಾಗುವ ದಿನ ಹಾಕಿಕೊಳ್ಳಲೆಂದು ಅವರ ತಾಯಿ ಅಳೆದು ಕೊಂಡುತಂದು, ಎತ್ತಿಟ್ಟು, ತೀರಿಕೊಂಡಿದ್ದರು. ಈಗ ಉಳಿದಿದ್ದು ಅಂಗೈಯಗಲದ ಚೂರುಗಳು.

ಸಂಜೆ ಟೀಚರು ಬಂದಾಗ ಅಕ್ಕನ ಬಾಯಿಂದ ಸುಳ್ಳು ತಾನಾಗಿಯೇ ಜಾರಿತು.

“ತೋಳಿಗೆ ಬಟ್ಟೆ ಸಾಲ್ಲಿಲ್ಲ ಟೀಚರೇ. ಅಳತೇಲೇ ಕಮ್ಮಿ ಇತ್ತು.”

ಟೀಚರು ಬಟ್ಟೆಯ ಅಂಚನ್ನು ಸವರಿದರು. “ಹಾಗಾದ್ರೆ ಅಮ್ಮಂಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ ಅನ್ಸುತ್ತೆ. ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ಒಂದ್ಸಲ ಡಾಕ್ಟರಿಗೆ ತೋರಿಸ್ಬೇಕಿತ್ತು… ಇರ್ಲಿ, ತೋಳಿಲ್ದೇನೇ ಹೊಲೀರಿ.”

ಅಂದು ಅಕ್ಕ ಪ್ರಾರ್ಥನೆಗೆ ಕೂತರೆ ಮೊದಲ ಸಾಲಿನಿಂದ ಮುಂದೆ ಹೋಗಲಾಗಲಿಲ್ಲ. ತನ್ನ ತಪ್ಪನ್ನು ಸತ್ತವರ ಕಣ್ಣಿಗೆ ಹೊರಿಸಿದ್ದಳು. ಅದು ಅಲ್ಲಿಗೂ ನಿಲ್ಲದೆ ಮಗಳ ಎದೆಗೆ ಹೋಗಿ ಚುಚ್ಚಿತ್ತು.

“ಏನೇ, ಫೋನ್ ಚಾರ್ಜ್ ಮುಗೀತಾ? ಮುಖ ಯಾಕೆ ಹಿಂಗಿದೆ?” ಎಂದು ಗಂಡ ಕೆಣಕಿದ. ಅವಳಿಗೆ ನಗು ಬರಲಿಲ್ಲ.

ಬೆಳಿಗ್ಗೆ ಎದ್ದವಳೇ ಎರಡು ತೋಳನ್ನೂ ಒಯ್ದು ಟೀಚರ ಮೇಜಿನ ಮೇಲೆ ಹರಡಿದಳು.

“ಎರಡೂ ಎಡಗೈದೇ ಟೀಚರೇ. ನಿಮ್ಮಮ್ಮನ ಅಳತೆ ಸರಿಯಾಗೇ ಇತ್ತು. ನಾನು ಫೋನ್ ನೋಡ್ಕೊಂಡು ಕತ್ತರಿಸ್ದೆ. ಆಮೇಲೆ ಸುಳ್ಳೂ ಹೇಳ್ದೆ.”

ಟೀಚರು ತೋಳುಗಳನ್ನು ಒಂದರ ಮೇಲೊಂದಿಟ್ಟು ನೋಡಿದರು. “ನಿನ್ನೆಯಿಂದ ಅಮ್ಮನ ಫೋಟೋ ಮುಂದೆ ತಪ್ಪಾಯ್ತು ತಪ್ಪಾಯ್ತು ಅಂತಿದೀನಿ ಕಣ್ರೀ ನಾನು.”

ಅಕ್ಕ ತಲೆ ತಗ್ಗಿಸಿದಳು.

“ಅಂಥದ್ದೇನು ಬರ್ತಿತ್ತು ಆ ಫೋನಲ್ಲಿ?”

“ಅತ್ತೆ ಸೊಸೆ ಜಗಳ.”

“ಯಾರು ಗೆದ್ರು?”

ಅಕ್ಕ ಯೋಚಿಸಿದಳು. “ನೆನಪಿಲ್ಲ.”

ಟೀಚರು ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಒಂದು ತೋಳನ್ನು ಮಡಚಿ ಅಮ್ಮನ ಫೋಟೋದ ಹತ್ತಿರ ಇಟ್ಟರು. ಇನ್ನೊಂದನ್ನು ಅಕ್ಕನತ್ತ ಸರಿಸಿ, “ಇದು ನಿಮ್ಮತ್ರನೇ ಇರ್ಲಿ,” ಎಂದರು.

ಅಕ್ಕ ಅದರ ಒಂದು ತುದಿ ಹೊಲಿದು ಚೀಲ ಮಾಡಿ ಮೊಳೆಗೆ ತೂಗುಹಾಕಿದ್ದಾಳೆ. ಕತ್ತರಿ ಕೈಗೆತ್ತಿಕೊಳ್ಳುವ ಮುಂಚೆ ಫೋನ್ ಅದರೊಳಗೆ ಹೋಗುತ್ತದೆ. ಹಾಕುವಾಗ ಆ ಹೂಗಳನ್ನು ನೇರವಾಗಿ ನೋಡಲು ಅವಳಿಗೆ ಇನ್ನೂ ಆಗುವುದಿಲ್ಲ.