ಚಾಕಿ ಮನೆಯಲ್ಲೊಂದು ಅಂಗಡಿ

ನಾನು ಓದು ನಿಲ್ಲಿಸಿದ್ದು ೧೯೯೦ರಲ್ಲಿ, ಒಂಬತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ. ಬಿಡಿಸಿದವರು ಯಾರೂ ಇಲ್ಲ. ಅಂದು ಬೆಳಿಗ್ಗೆ ಮನೆಯಲ್ಲಿ ಹುಳು ಹಣ್ಣಾಗಿದ್ದವು. ರೇಷ್ಮೆ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸತೊಡಗಿತೆಂದರೆ ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಎಂದು ಅರ್ಥ. ತಕ್ಷಣ ಆಯ್ದು ಚಂದ್ರಂಕಿಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ದಬ್ಬೆಯನ್ನು ಸುರುಳಿಸುರುಳಿಯಾಗಿ ಹೆಣೆದದ್ದೇ ಚಂದ್ರಂಕಿ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ, ಹಣ್ಣಾದ ಹುಳು ಮಧ್ಯಾಹ್ನದವರೆಗೂ ಕಾಯದು ಎಂದು ಲೆಕ್ಕ ಹಾಕಿ ಒಳಗೇ ಉಳಿದೆ. ಆ ದಿನದ ಗಣಿತಕ್ಕೆ ನಾನು ಕೊಟ್ಟ ಉತ್ತರ ಅದೊಂದೇ. ಸರಿಯಾಗಿತ್ತು ಎಂದು ಈಗಲೂ ವಾದಿಸುತ್ತೇನೆ.

ಈಗ ಶಿಡ್ಲಘಟ್ಟದಲ್ಲಿ ಹುಳು ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ ನಡೆಸುತ್ತೇನೆ. ತಟ್ಟೆ, ಬಲೆ, ಸುಣ್ಣ, ಬ್ಲೀಚಿಂಗ್ ಪುಡಿ, ಚಂದ್ರಂಕಿ. ಕೆಲವು ವರ್ಷಗಳಿಂದ ಅಂಗಡಿ ಆನ್‌ಲೈನಿನಲ್ಲೂ ಇದೆ. ಯಾರೋ ಕಟ್ಟಿಕೊಟ್ಟು ಹೋದರು, ರಿಪೇರಿ ನನ್ನದು. ಪಂಪಿನ ಸ್ಟಾರ್ಟರನ್ನೂ, ಸ್ಕೂಟರಿನ ಕಾರ್ಬೊರೇಟರನ್ನೂ ಬಿಚ್ಚಿ ನೋಡಿಯೇ ಕಲಿತ ಕೈ ಇದು. ವೆಬ್‌ಸೈಟನ್ನು ಮಾತ್ರ ಬಿಟ್ಟೀತೇ? ಬಿಟ್ಟಿದ್ದರೆ ಚೆನ್ನಾಗಿತ್ತು. ಸ್ಟಾರ್ಟರ್ ಬಿಚ್ಚುವ ಮುಂಚೆ ಕರೆಂಟು ತೆಗೆಯುವಷ್ಟು ಬುದ್ಧಿಯಿದ್ದ ನಾನು, ಜನ ವ್ಯಾಪಾರ ಮಾಡುತ್ತಿದ್ದ ಅಂಗಡಿಯನ್ನೇ ನಟ್ಟನಡುವೆ ಬಿಚ್ಚುತ್ತಿದ್ದೆ.

ಒಂದು ದಿನ ದಿಬ್ಬೂರಹಳ್ಳಿಯ ನಾರಾಯಣಪ್ಪ ಫೋನು ಮಾಡಿದರು. "ಏನ್ ಸ್ವಾಮಿ, ನಿಮ್ಮ ಅಂಗಡಿ ಒತ್ತಿದ್ರೆ ಬರೀ ಬಿಳೀ ಗೋಡೆ ಬರ್ತದೆ! ಇಲ್ಲಿ ಹುಳ ಎಲ್ಲಾ ತಲೆ ಎತ್ಕೊಂಡು ನನ್ನೇ ನೋಡ್ತಾವೆ. ಏನ್ ಮಾಡ್ಲಿ, ಗೋಡೆಗೆ ಬಿಡ್ಲಾ?"

ಚಂದ್ರಂಕಿಗಳನ್ನು ಗೂಡ್ಸ್ ಆಟೋಗೆ ಹೇರಿ ನಾನೇ ಹತ್ತಿ ಹೋದೆ. ಬೆಳೆ ಉಳಿಯಿತು. ಮಾನ ಮಾತ್ರ ಉಳಿಯಲಿಲ್ಲ. ಫೋನಿನ ಆರ್ಡರುಗಳನ್ನು ನೋಡಿಕೊಳ್ಳುವ ನನ್ನ ಹೆಂಡತಿ ಜಯಮ್ಮ ಸಂಜೆ ತೀರ್ಪು ಕೊಟ್ಟಳು: "ನೋಡ್ರೀ, ಇನ್ನೊಂದ್ ಸಲ ಬಿಳೀ ಗೋಡೆ ಆದ್ರೆ ಇದನ್ನ ಯಾರಾದ್ರೂ ಓದಿರೋರ ಕೈಗೆ ಕೊಟ್ಟುಬಿಡಣ."

ಓದಿರೋರು! ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಎಲ್ಲಿ ಚುಚ್ಚಿದರೆ ನೋಯುತ್ತದೆಂದು ಗೊತ್ತಿರುತ್ತದೆ.

ಪಕ್ಕದ ಬೀದಿಯಲ್ಲಿ ನೂಲು ತೆಗೆಯುವ ಸಾದಿಕ್ ಸಾಹೇಬರ ಮಗಳು ಶಬಾನಾ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನನ್ನ ಪಾಡು ಕೇಳಿ ಬಂದಳು. "ಅಂಕಲ್, ಜನ ಬರೋ ಅಂಗಡೀಲಿ ಯಾಕೆ ಕೈ ಹಾಕ್ತೀರಾ? ನಿಮ್ ಲ್ಯಾಪ್‌ಟಾಪಲ್ಲೇ ಕಂಟೇನರ್ ಹಾಕಿ, ಅದೇ ಥರ ಇನ್ನೊಂದು ಅಂಗಡಿ ಎಬ್ಬಿಸ್ಕೊಳಿ. ಅದರೊಳಗೆ ಏನ್ ಬೇಕಾದ್ರೂ ಕೆಡಿಸಿ, ಹೊರಗಿನವರಿಗೆ ಗೊತ್ತೇ ಆಗಲ್ಲ."

ಕಂಟೇನರ್ ಎಂದರೆ ನಾನು ಕಂಡದ್ದು ಹೆದ್ದಾರಿಯ ಉದ್ದನೆಯ ಲಾರಿ. ನನ್ನ ಮುಖ ನೋಡಿ ಅವಳು ಒಂದು ಕ್ಷಣ ಯೋಚಿಸಿದಳು. "ಚಾಕಿ ಮನೆ ಅಂದ್ಕೊಳಿ ಅಂಕಲ್," ಎಂದಳು.

ಅಷ್ಟು ಸಾಕಾಯಿತು. ಮೊಟ್ಟೆಯಿಂದ ಆಗತಾನೇ ಹೊರಬಂದ ಹುಳು ಕಣ್ಣಿಗೆ ಕಪ್ಪು ಚುಕ್ಕೆ. ಹೊರಗಿನ ಗಾಳಿಗೆ ತಡೆಯದು. ಅದಕ್ಕೇ ಎಳೆಯ ಹುಳುಗಳನ್ನು ಬೇರೆಯೇ ಕೋಣೆಯಲ್ಲಿ, ಹದವಾದ ಬಿಸಿಯಲ್ಲಿ, ಎಳೆ ಸೊಪ್ಪು ಕೊಟ್ಟು ಸಾಕುತ್ತಾರೆ. ಅದೇ ಚಾಕಿ. ಎರಡನೇ ಜ್ವರ ಎದ್ದ ಮೇಲೆ, ಅಂದರೆ ಎರಡು ಸಲ ಪೊರೆ ಕಳಚಿದ ಮೇಲೆಯೇ ದೊಡ್ಡ ಮನೆಗೆ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹೋಗಬೇಕು. ಇನ್ನೊಬ್ಬರ ಹುಳು ಮನೆಯಿಂದ ನೆಟ್ಟಗೆ ಬಂದವರಿಗಂತೂ ಪ್ರವೇಶವೇ ಇಲ್ಲ. ನನಗೆ ಹೆಣ್ಣು ಕೊಡಲು ಚಿಂತಾಮಣಿಯಿಂದ ಬಂದ ಮಾವನವರು ಕುತೂಹಲದಿಂದ ಹುಳು ಮನೆಯತ್ತ ಹೆಜ್ಜೆ ಹಾಕಿದಾಗ ನಮ್ಮಮ್ಮ ಬಾಗಿಲಿಗೆ ಅಡ್ಡ ನಿಂತು, "ಬೀಗರೇ, ದಾರೀಲಿ ಯಾರ ಹುಳಿನ ಮನೇಗಾದ್ರೂ ಹೋಗಿದ್ರಾ?" ಎಂದು ವಿಚಾರಣೆ ನಡೆಸಿದಳು. ಸಂಬಂಧ ಮುರಿಯಿತೆಂದು ನಾನು ಕಂಬಕ್ಕೆ ಒರಗಿಬಿಟ್ಟೆ. ಮಾವನವರು ಹಿಂದೆ ಸರಿದು, "ಪರವಾಲೇದು! ಹುಳಾನೇ ಇಷ್ಟು ನೋಡ್ಕೊಳ್ಳೋರು ಹುಡುಗೀನ ನೋಡ್ಕೊಳ್ಳಲ್ವಾ?" ಎಂದರು. ಹೀಗೆ ನನ್ನ ಮದುವೆಗೂ ಹುಳುಗಳದ್ದೇ ಶಿಫಾರಸು.

ಲ್ಯಾಪ್‌ಟಾಪಿನ ಚಾಕಿ ಮನೆ ಕಟ್ಟಲು ಕುಳಿತೆ. ಎಲ್ಲವನ್ನೂ ಒಂದೇ ಕಡತದಲ್ಲಿ ಬರೆಯಬೇಕು: ಅಂಗಡಿಯ ಮುಖಕ್ಕೊಂದು ಕಂಟೇನರ್, ಸಾಮಾನಿನ ಪಟ್ಟಿಯನ್ನು ನೆನಪಿಡುವ ಡೇಟಾಬೇಸಿಗೆ ಇನ್ನೊಂದು, ಹೊರಗಿನಿಂದ ಇಣುಕಲು ಬಾಗಿಲಿನ ನಂಬರು. ಆ ಕಡತದ ಮಡಿ ನಮ್ಮಮ್ಮನ ಮಡಿಗಿಂತ ಕಠಿಣ. ಸಾಲಿನ ಮುಂದೆ ಒಂದು ಅಕ್ಷರದ ಜಾಗ ಹೆಚ್ಚಾದರೂ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಮೂರು ದಿನ ಬೈಸಿಕೊಂಡೆ. ನಾಲ್ಕನೇ ದಿನ ಒಂದು ಸಾಲು ಒತ್ತಿದೆ, ಅಂಗಡಿ ಎದ್ದು ನಿಂತಿತು! ನಲವತ್ತೆರಡು ಸಾಮಾನು ಕೈಯಾರೆ ತುಂಬಿಸಿ ಜಯಮ್ಮನನ್ನು ಕೂಗಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, "ಇದರಲ್ಲೇನಿದೆ? ಇರೋ ಅಂಗಡೀನೇ ಅಲ್ವಾ?" ಎಂದಳು. ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕೆ?

ಮಾರನೆಯ ದಿನ ಲ್ಯಾಪ್‌ಟಾಪಿನ ಅಂಗಡಿ ತೆರೆದರೆ ಒಳಗೆ ಏನೂ ಇಲ್ಲ. ತಟ್ಟೆಯಿಲ್ಲ, ಬಲೆಯಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ, ಇದರ ಕ್ರಮವೇ ಹೀಗಿರಬೇಕು ಎಂದುಕೊಂಡೆ. ಗೂಡು ಬಿಡಿಸಿದ ಮೇಲೆ ಮನೆ ಖಾಲಿ ಮಾಡುವುದಿಲ್ಲವೇ? ಕುಳಿತು ನಲವತ್ತೆರಡನ್ನೂ ಮತ್ತೆ ತುಂಬಿಸಿದೆ. ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ಜಯಮ್ಮ ಬಾಗಿಲಲ್ಲಿ ನಿಂತು, "ಏನ್ರೀ ಇದು, ದಿನಾ ಅದೇ ಚಂದ್ರಂಕಿ ಬರೀತೀರಾ? ಮೇಷ್ಟ್ರು ಇಂಪೊಸಿಷನ್ ಕೊಟ್ಟವ್ರಾ?" ಎಂದಳು.

ಶಬಾನಾಗೆ ನನ್ನ ಶ್ರದ್ಧೆಯನ್ನು ಹೆಮ್ಮೆಯಿಂದಲೇ ವಿವರಿಸಿದೆ. ಸಂಜೆ ಕೆಲಸ ಮುಗಿದ ಮೇಲೆ ಹಾಗೇ ಬಿಡುವ ಜಾಯಮಾನ ನನ್ನದಲ್ಲ. ಬೆಳೆ ಮುಗಿದರೆ ತಟ್ಟೆ, ಗೋಡೆ, ನೆಲ ಎಲ್ಲಕ್ಕೂ ಬ್ಲೀಚಿಂಗ್ ಹೊಡೆಯಬೇಕು, ಇಲ್ಲದಿದ್ದರೆ ಮುಂದಿನ ಬೆಳೆಗೆ ರೋಗ. ಅದರಂತೆ ಸಂಜೆ ಅಂಗಡಿ ಮುಚ್ಚಲು ಕಂಟೇನರ್ ಇಳಿಸುವ ಆದೇಶಕ್ಕೆ ಬಾಲದಂತೆ ಇನ್ನೊಂದು ಅಕ್ಷರ ಸೇರಿಸಿದರೆ ಗುಡಿಸಿ ಸಾರಿಸಿದಂತೆ ಶುದ್ಧವಾಗುತ್ತದೆ ಎಂದು ಎಲ್ಲೋ ಓದಿ, ದಿನವೂ ತಪ್ಪದೆ ಸೇರಿಸುತ್ತಿದ್ದೆ.

ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. "ಯಾ ಅಲ್ಲಾ! ಅಂಕಲ್, ಮನೆ ತೊಳೀರಿ, ಬೇಡ ಅನ್ನಲ್ಲ. ಆ ಬಾಲ ಹಾಕಿ ಉಗ್ರಾಣಾನೂ ಯಾಕೆ ತೊಳೀತೀರಾ? ಸಾಮಾನಿನ ಪಟ್ಟಿ ಇರೋದೇ ಅಲ್ಲಿ!"

"ನೀನು ಮೊದಲೇ ಹೇಳಬಾರದೇನಮ್ಮಾ?"

"ದಿನಾ ತೊಳಿಯೋರು ಇರ್ತಾರೆ ಅಂತ ನಮ್ ಪುಸ್ತಕದಲ್ಲಿ ಬರೆದಿಲ್ವಲ್ಲ ಅಂಕಲ್!"

ಬಾಲ ಕತ್ತರಿಸಿದೆ. ಪಟ್ಟಿ ಉಳಿಯಿತು. ಆದರೂ ಒಂದು ಮಾತು: ನಾಲ್ಕು ಸಲ ಅಂಗಡಿ ಅಳಿಸಿ ನಾಲ್ಕು ಸಲ ಎಬ್ಬಿಸಿದವನಿಗೆ, ಅಂಗಡಿ ಕೆಟ್ಟೀತು ಎಂಬ ಭಯ ಹೊರಟುಹೋಗುತ್ತದೆ. ಇದನ್ನೂ ಅವರ ಪುಸ್ತಕದಲ್ಲಿ ಬರೆದಿರಲಾರರು.

ಆ ಧೈರ್ಯದ ಮೇಲೆಯೇ ಚಂದ್ರಂಕಿಯನ್ನು ದಿನದ ಬಾಡಿಗೆಗೆ ಕೊಡುವ ಹೊಸ ಪುಟ ಬರೆದೆ. ಜನ ಬರುವ ದೊಡ್ಡ ಅಂಗಡಿಗೆ ಕಳಿಸುವ ಮುಂಚೆ ಜಯಮ್ಮನನ್ನೇ ಗಿರಾಕಿಯಾಗಿ ಕೂರಿಸಿದೆ. ಅವಳು ತೆಗೆದುಕೊಳ್ಳುವ ದಿನ ಶುಕ್ರವಾರ, ವಾಪಸು ಕೊಡುವ ದಿನ ಅದಕ್ಕೂ ಹಿಂದಿನ ಬುಧವಾರ ಎಂದು ಒತ್ತಿದಳು.

"ತಗೊಳ್ಳೋಕ್ ಮುಂಚೇನೇ ವಾಪಸ್ ಕೊಟ್ಟೆ. ಎಂಥಾ ಒಳ್ಳೇ ಗಿರಾಕಿ ನೋಡಿ ನಾನು!"

ಮರುಕ್ಷಣ ಪರದೆಯ ತುಂಬ ಬಿಳೀ ಗೋಡೆ.

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಟಿಣ್ಣೆಂದಿತು. ನಗರಗೆರೆಯಿಂದ ಯಾರೋ ಎರಡು ಬಲೆಗೆ ಆರ್ಡರು ಕೊಟ್ಟಿದ್ದರು. ಅಸಲಿ ಅಂಗಡಿ ತನ್ನ ಪಾಡಿಗೆ ತಾನು ವ್ಯಾಪಾರ ಮಾಡುತ್ತಿತ್ತು.

"ಗೋಡೆ ಬಿಳೀನೇ ಕಣೇ," ಎಂದೆ. "ಆದ್ರೆ ಇದು ಒಳಗಿನ ಗೋಡೆ."

ಎರಡು ದಿನ ತಿದ್ದಿದೆ, ಅವಳು ಎರಡು ದಿನ ಬೇಕೆಂದೇ ತಲೆಕೆಳಗಾದ ಆರ್ಡರು ಕೊಟ್ಟಳು. ಗೋಡೆ ಮತ್ತೆ ಬಾರದಿದ್ದಾಗ ಪುಟವನ್ನು ಹೊರಗೆ ಬಿಟ್ಟೆ. ಮುಂದಿನ ಬೆಳೆ ಹಣ್ಣಾದ ಬೆಳಿಗ್ಗೆ ದಿಬ್ಬೂರಹಳ್ಳಿಯಿಂದ ನಾರಾಯಣಪ್ಪನವರ ಆರ್ಡರು ಬಂತು. ಇಪ್ಪತ್ತು ಚಂದ್ರಂಕಿ, ಬಾಡಿಗೆಗೆ. ಫೋನು ಮಾತ್ರ ಬರಲಿಲ್ಲ. ಬಯ್ಯಲು ಏನಾದರೂ ಇದ್ದಿದ್ದರೆ ಅವರು ಸುಮ್ಮನಿರುವ ಆಸಾಮಿಯಲ್ಲ.

"ಓದಿರೋರ ಕೈಗೆ ಕೊಡೋ ಮಾತು ಏನಾಯ್ತು?" ಎಂದು ಜಯಮ್ಮನನ್ನು ಕೆಣಕಿದೆ.

ಅವಳು ಚಂದ್ರಂಕಿ ಎಣಿಸುವುದನ್ನು ನಿಲ್ಲಿಸದೆಯೇ ಹೇಳಿದಳು: "ಇನ್ಯಾವ ಓದಿರೋರು? ನಾಲ್ಕು ದಿನ ಇಂಪೊಸಿಷನ್ ಬರೆದು ನೀವೇ ಪಾಸಾದ್ರಲ್ಲ."

ಹಾಗಾಗಿ ಈಗ ನನ್ನಲ್ಲಿರುವುದು: ಜನರಿಗೆ ಕಾಣುವ ಅಂಗಡಿ ಒಂದು, ಕಾಣದ ಅಂಗಡಿ ಒಂದು, ಕಂಟೇನರ್ ಎರಡು, ಬಾಡಿಗೆ ಚಂದ್ರಂಕಿಯೂ ಸೇರಿ ಸಾಮಾನು ನಲವತ್ತಮೂರು, ಪರೀಕ್ಷಕಿ ಒಬ್ಬಳು. ಬರೆಯದೆ ಉಳಿದ ಗಣಿತ ಪರೀಕ್ಷೆ, ಒಂದು.